ದೀಪಾವಳಿಯಿಂದ ಕೆಡ್ಡಸದೊಳಗೆ ತೋಟದಲ್ಲಿ ಮುಗಿಸಬೇಕಾದ ಕೆಲಸಗಳು

ನಮ್ಮ ಕಡೆ ಚಳಿಗಾಲ ಎಂದರೆ ಮಹಾ ಚಳಿಯೇನೂ ಅಲ್ಲ. ಬೆಳಗ್ಗಿನ ಜಾವ ಉಷ್ಣತೆ 20 ಡಿಗ್ರಿಯ ಹತ್ತಿರ ಇಳಿದರೆ 'ಎಂತ ಚಳಿ ಮಾರಾಯ್ರೆ' ಎಂದು ತಲೆಗೆ ಬೈರಾಸು ಸುತ್ತಿಕೊಳ್ಳುವವರು ನಾವು. ಗಿಡಮರಗಳಿಗೆ ಈ ಚಳಿಯಿಂದ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ನಮ್ಮ ಉದಾಸೀನದಿಂದ. ಮಳೆ ನಿಂತಿತು, ಗದ್ದೆ ಕೊಯ್ದಾಯಿತು, ಅಡಿಕೆ ಹಣ್ಣಾಗಲು ಶುರುವಾಯಿತು. ಮನಸ್ಸೆಲ್ಲ ಅಂಗಳದ ಮೇಲೆ. ತೋಟದಲ್ಲಿ ಈಗ ಎಂತ ಕೆಲಸ, ನೀರು ಬಿಡುವಾಗ ನೋಡಿದರಾಯಿತು ಅಂತ ಬಿಟ್ಟುಬಿಡುತ್ತೇವೆ.

ಹಾಗೆ ಬಿಟ್ಟದ್ದಕ್ಕೆ ನಾನು ತೆತ್ತ ಬೆಲೆ 31 ಅಡಿಕೆ ಸಸಿ ಮತ್ತು ಫಲ ಕೊಡುತ್ತಿದ್ದ 9 ಮರ. ಅದರ ಕತೆಯನ್ನೂ, ಆಮೇಲೆ ನಾನು ಹಾಕಿಕೊಂಡ ಕೆಲಸದ ಕ್ರಮವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನಂತಹ ಸಣ್ಣ ಕೃಷಿಕರಿಗೆ ಉಪಯೋಗವಾದೀತು ಎಂಬ ಆಸೆ.

ನನ್ನದು ಪುತ್ತೂರು ತಾಲೂಕಿನ ಒಂದು ಹಳ್ಳಿ. ಒಂದೆಕರೆಗೆ ತುಸು ಕಡಿಮೆ ಅಡಿಕೆ ತೋಟ, ಸಣ್ಣ ದೊಡ್ಡ ಸೇರಿ 480 ಗಿಡ. ಕೆಳಗೆ 20 ಸೆಂಟ್ಸ್ ಗದ್ದೆ, ಮೇಲೆ ಗುಡ್ಡದಲ್ಲಿ ಅರ್ಧ ಎಕರೆ ಗೇರು. ನೀರಿಗೆ 10 ಅಡಿ ಅಗಲದ ಒಂದು ಬಾವಿ.

2018ರ ಮಳೆಗಾಲ ನಿಮಗೆ ನೆನಪಿರಬಹುದು. ಕೊಳೆರೋಗದಲ್ಲಿ ನನ್ನ ಅರ್ಧ ಫಸಲು ಉದುರಿತು. ತೋಟದ ಮುಖ ನೋಡಲೂ ಮನಸ್ಸಿಲ್ಲದಾಯಿತು. ಕೈಸಾಲ ತೀರಿಸಲು ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಹೋದೆ. ನವೆಂಬರಿನಿಂದ ಫೆಬ್ರವರಿಯ ತನಕ ತೋಟಕ್ಕೆ ಇಳಿದದ್ದು ಭಾನುವಾರ ಮಾತ್ರ. ಅದೇ ವರ್ಷ ತೋಟದ ನೈಋತ್ಯ ಬದಿಯಲ್ಲಿ ಪಕ್ಕದ ಜಾಗದವರು ಮರಗಳನ್ನು ಕಡಿದಿದ್ದರು. ಅವರ ಜಾಗ, ಅವರ ಮರ, ಅದಕ್ಕೆ ನಾನು ಹೇಳುವಂತಿಲ್ಲ. ಆದರೆ ನೆರಳು ಹೋದದ್ದನ್ನು ಗಮನಿಸಬೇಕಾದದ್ದು ನಾನು. ಗಮನಿಸಲಿಲ್ಲ.

2019ರ ಮೇ ತಿಂಗಳಲ್ಲಿ ಮಂಗಳೂರು ನಗರಕ್ಕೇ ಪಾಳಿಯ ಮೇಲೆ ನೀರು ಬಿಟ್ಟರು. ನನ್ನ ಬಾವಿಯಲ್ಲಿ ಕೊಡಪಾನ ಮುಳುಗದಷ್ಟೇ ನೀರು. ಸಸಿಗಳು ಕಣ್ಣೆದುರೇ ಒಣಗಿದವು. ಆಚೆಮನೆಯ ಮಾವ ಬಂದು ನೋಡಿದರು. ನಾನು ಬೇಸಿಗೆಗೆ ಬೈಯುತ್ತಿದ್ದೆ. "ಬೇಸಿಗೆಗೆ ಯಾಕೆ ಬೈಯುವುದು ಮಾರಾಯ, ಚಳಿಗಾಲದಲ್ಲಿ ನೀನು ಎಲ್ಲಿಗೆ ಹೋಗಿದ್ದೆ?" ಅಂತ ಕೇಳಿದರು. ಆ ಮಾತು ಈಗಲೂ ಕಿವಿಯಲ್ಲುಂಟು.

ಗಡು ಯಾಕೆ ಕೆಡ್ಡಸಕ್ಕೆ?

ಕೆಡ್ಡಸ ಬರುವುದು ಫೆಬ್ರವರಿ ಎರಡನೇ ವಾರದ ಸುಮಾರಿಗೆ, ತುಳುವಿನ ಪೊನ್ನಿ ತಿಂಗಳ ಕೊನೆಗೆ. ಭೂಮಿತಾಯಿ ಮುಟ್ಟಾಗುವ ದಿನಗಳೆಂದು ಆಗ ಹಾರೆ ಹಿಡಿದು ನೆಲ ಅಗೆಯುವಂತಿಲ್ಲ. ಹಿರಿಯರ ಈ ಕಟ್ಟಳೆಯನ್ನು ನಾನು ನನ್ನ ಕೆಲಸದ ಗಡುವಾಗಿ ಇಟ್ಟುಕೊಂಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಆದರೆ ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ. ಅಕ್ಟೋಬರ್, ನವೆಂಬರಿನಲ್ಲಿ ಗುಡುಗಿನ ನಾಲ್ಕು ಮಳೆ ಬಂದರೆ ಬಂತು. ಆಮೇಲೆ ಆರು ತಿಂಗಳು ಮಣ್ಣಿನಲ್ಲಿದ್ದದ್ದೇ ಗತಿ. ಡಿಸೆಂಬರಿನಲ್ಲಿ ಇಬ್ಬನಿ ಬಿದ್ದು ನೆಲ ತಂಪಾಗಿ ಕಾಣುತ್ತದೆ. ಆದರೆ ಹಗಲಿನ ಒಣ ಮೂಡುಗಾಳಿ ಆ ತಂಪನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಕೆಡ್ಡಸ ಕಳೆದ ಮೇಲೆ ನಾವು ಏನು ಮಾಡಿದರೂ ಒಣಗಿದ ಮಣ್ಣಿಗೆ ಮಾಡಿದಂತೆ.

ಆದ್ದರಿಂದ ಚಳಿಗಾಲದ ಕೆಲಸ ಅಂದರೆ ಬೇಸಿಗೆಗೆ ನೀರು ಕೂಡಿಡುವ ಕೆಲಸ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲ ಕೆಲಸ: ಕಣಿ

ಮಳೆಗಾಲದಲ್ಲಿ ಉಜಿರುಕಣಿಯಲ್ಲಿ ಹೂಳು ತುಂಬಿರುತ್ತದೆ. ದೀಪಾವಳಿ ಕಳೆದ ಕೂಡಲೇ ಇದನ್ನು ಎತ್ತಿಸಿ ಅಡಿಕೆ ಬುಡಗಳಿಗೆ ಹಂಚುತ್ತೇನೆ. ಅದು ತೋಟದ್ದೇ ಮೇಲ್ಮಣ್ಣು, ಒಳ್ಳೆ ಸಾರ ಉಂಟು. ಹೂಳು ಎತ್ತಿದ ಮೇಲೆ ಕಣಿಯನ್ನು ಹಾಗೇ ಬಿಟ್ಟರೆ ತೋಟದ ಒಸರು ನೀರೆಲ್ಲ ತೋಡಿಗೆ ಹರಿದು ಹೋಗುತ್ತದೆ. ನವೆಂಬರ್ ಕೊನೆಗೆ, ಇನ್ನು ದೊಡ್ಡ ಮಳೆ ಇಲ್ಲ ಎಂದು ಖಾತ್ರಿಯಾದ ಮೇಲೆ, ಕಣಿಗೆ 20 ಅಡಿಗೊಂದರಂತೆ ಮಣ್ಣು, ಸೋಗೆ ಸೇರಿಸಿ ಸಣ್ಣ ಅಡ್ಡಗಟ್ಟು ಹಾಕುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ. ಅಡಿಕೆಗೆ ನೀರು ಬೇಕು, ಆದರೆ ಬೇರಿನಲ್ಲಿ ನೀರು ನಿಲ್ಲಬಾರದು. ಅಡ್ಡಗಟ್ಟಿನ ಹಿಂದೆ ನಿಂತ ನೀರು ತೋಟದ ನೆಲಕ್ಕಿಂತ ಒಂದೂವರೆ ಅಡಿಯಾದರೂ ಕೆಳಗಿರಬೇಕು. ತಗ್ಗಿನ ಜೌಗು ತೋಟವಾದರೆ ಅಡ್ಡಗಟ್ಟು ಹಾಕುವ ಆತುರ ಬೇಡ.

ಎರಡನೆಯದು: ಬುಡ ಕೊತ್ತಿ ಮುಚ್ಚುವುದು

ಆರು ತಿಂಗಳ ಮಳೆಯ ಪೆಟ್ಟಿಗೆ ಬುಡದ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ನೀರು ಹಾಕಿದರೆ ಇಳಿಯುವ ಬದಲು ಬದಿಗೆ ಓಡುತ್ತದೆ. ಮಣ್ಣು ಹಸಿ ಇರುವಾಗಲೇ ಈ ಪದರವನ್ನು ತೆಳುವಾಗಿ ಕೊತ್ತಿ ಒಡೆಯಬೇಕು. ಆಳವಾಗಿ ಅಗೆಯಬಾರದು. ಅಡಿಕೆಯ ಉಣ್ಣುವ ಬೇರು ಮೇಲೆಯೇ ಇರುವುದರಿಂದ ಅಗೆದಷ್ಟೂ ನಷ್ಟ.

ಗೊಬ್ಬರದ ವಿಷಯ ಬಹಳ ಸಲ ಬಂದಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಂಪೋಸ್ಟ್, ಜತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಇದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಆಗಬೇಕು. ತಪ್ಪಿದವರು ನವೆಂಬರ್ ಮೊದಲ ವಾರದೊಳಗೆ ಮಣ್ಣಿನ ಹಸಿ ನೋಡಿ ಹಾಕಿಕೊಳ್ಳಿ. ಒಣ ಮಣ್ಣಿಗೆ ರಸಗೊಬ್ಬರ ಹಾಕಿ ಪ್ರಯೋಜನವಿಲ್ಲ.

ಕೊತ್ತಿದ ದಿನವೇ ಮುಚ್ಚಿಗೆ ಆಗಬೇಕು, ನಾಳೆಗೆ ಇಡಬಾರದು. ಕೊತ್ತಿ ಹಾಗೇ ಬಿಟ್ಟರೆ ಗಾಳಿಗೆ ಮಣ್ಣು ಇನ್ನೂ ಬೇಗ ಆರುತ್ತದೆ. ಮುಚ್ಚಲು ಏನು ಎಂದು ಕೇಳುವವರಿದ್ದಾರೆ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ನನ್ನ ತೋಟದಲ್ಲೇ ವರ್ಷಕ್ಕೆ ಎರಡು ಸಾವಿರದ ಮೇಲಾಯಿತು. ಹಾಳೆ ಬೇರ್ಪಡಿಸಿ, ಸೋಗೆಯನ್ನು ಎರಡು ತುಂಡು ಮಾಡಿ ಬುಡದ ಸುತ್ತ ಮೂರಡಿ ಅಗಲಕ್ಕೆ ಹಾಸಿದರೆ ಆಯಿತು. ತೆಂಗಿನ ಸಿಪ್ಪೆ ಇದ್ದವರು ಅದನ್ನು ಕವುಚಿ ಹಾಕಬಹುದು. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಜಾಗ ಬಿಡಿ, ಇಲ್ಲದಿದ್ದರೆ ಒರಲೆ ಹತ್ತುತ್ತದೆ.

ಇದರ ಪ್ರಯೋಜನ ಎಷ್ಟು ಎಂದು ನನಗೂ ಸಂಶಯವಿತ್ತು. ಹಾಗಾಗಿ 2019ರ ಚಳಿಗಾಲದಲ್ಲಿ ಎರಡು ಸಾಲಿಗೆ ನವೆಂಬರಿನಲ್ಲೇ ಸೋಗೆ ಮುಚ್ಚಿ, ಪಕ್ಕದ ಎರಡು ಸಾಲನ್ನು ಬೋಳಾಗಿ ಬಿಟ್ಟೆ. ಡಿಸೆಂಬರಿನಲ್ಲಿ ಒಂದೇ ದಿನ ನಾಲ್ಕಕ್ಕೂ ನೀರು ಕೊಟ್ಟು, ದಿನಾ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡುತ್ತಿದ್ದೆ. ಬೋಳು ಸಾಲಿನ ಮಣ್ಣು ಆರನೇ ದಿನಕ್ಕೆ ಉಂಡೆ ಕಟ್ಟದೆ ಪುಡಿಯಾಯಿತು. ಮುಚ್ಚಿದ ಸಾಲಿನದ್ದು ಹನ್ನೊಂದನೇ ದಿನವೂ ಉಂಡೆ ನಿಂತಿತು. ಖರ್ಚಿಲ್ಲದ ಈ ಉಂಡೆ ಪರೀಕ್ಷೆಯನ್ನು ನೀವೂ ಮಾಡಿ ನೋಡಿ. ನಿಮ್ಮ ಮಣ್ಣಿನಲ್ಲಿ ದಿನ ಬೇರೆ ಬರಬಹುದು, ವ್ಯತ್ಯಾಸ ಮಾತ್ರ ಕಂಡೇ ಕಾಣುತ್ತದೆ.

ಮೂರನೆಯದು: ನೈಋತ್ಯದ ಬಿಸಿಲು

ನನ್ನ 9 ಮರ ಹೋದದ್ದು ಇದರಿಂದ. ಚಳಿಗಾಲದ ಬಿಸಿಲು ಏನು ಮಾಡೀತು ಎಂದು ನಾನೂ ತಿಳಿದಿದ್ದೆ. ಲೆಕ್ಕ ಹೀಗೆ. ಏಪ್ರಿಲ್ ಕೊನೆಯ ವಾರ ನಮ್ಮಲ್ಲಿ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಮರದ ತಲೆಯ ನೆರಳು ಅದರ ಕಾಂಡಕ್ಕೇ ಬೀಳುತ್ತದೆ. ಸೆಪ್ಟೆಂಬರ್ 23ರ ನಂತರ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾ ಹೋಗಿ, ಡಿಸೆಂಬರ್ 22ರ ಹೊತ್ತಿಗೆ ನಡುಹಗಲಲ್ಲೂ ನೆತ್ತಿಯಿಂದ ಸುಮಾರು 36 ಡಿಗ್ರಿ ವಾಲಿರುತ್ತಾನೆ. ಮಧ್ಯಾಹ್ನದ ಮೇಲೆ ನೈಋತ್ಯಕ್ಕೆ ಇಳಿಯುತ್ತಾನೆ. ಆಕಾಶದಲ್ಲಿ ಮೋಡವಿಲ್ಲ. ತೋಟದ ಆ ಅಂಚಿನ ಮರಗಳ ಕಾಂಡಕ್ಕೆ ಗಂಟೆಗಟ್ಟಲೆ ನೇರ ಬಿಸಿಲು.

ಹಸುರು ಕಾಂಡದ ಎಳೆ ಮರಗಳಿಗೆ ಇದು ತಡೆಯುವುದಿಲ್ಲ. ಮೊದಲು ನೈಋತ್ಯ ಬದಿಗೆ ಬಂಗಾರದ ಬಣ್ಣದ ಮಚ್ಚೆ ಬೀಳುತ್ತದೆ. ನೋಡಲು ಚಂದವೇ. ಆಮೇಲೆ ಅದು ಕಂದಾಗಿ, ಸೀಳಿ, ಒಳಗೆ ಶಿಲೀಂಧ್ರ, ಹುಳ ಸೇರುತ್ತವೆ. ಮರ ಸಾಯುವುದಿಲ್ಲ, ಕಾಯಿಯೂ ಕೊಡುತ್ತದೆ. ಕೆಲವು ವರ್ಷ ಕಳೆದು ಒಂದು ಗಾಳಿಗೆ ಅದೇ ಜಾಗದಲ್ಲಿ ಮುರಿಯುತ್ತದೆ. ನನ್ನಲ್ಲಿ 2018ರ ಚಳಿಗಾಲದಲ್ಲಿ 22 ಮರಗಳಿಗೆ ಬಿಸಿಲು ತಾಗಿತು. ಅದರಲ್ಲಿ 9 ಮರ 2022 ಮತ್ತು 2023ರ ಮಳೆಗಾಲದಲ್ಲಿ ಬಿದ್ದವು. 'ಗಾಳಿಗೆ ಬಿತ್ತು' ಎಂದು ಎಲ್ಲರೂ ಹೇಳಿದರು. ನನಗೆ ಮಾತ್ರ ಗೊತ್ತುಂಟು ಅದು ಯಾವಾಗ ಬಿದ್ದದ್ದು ಅಂತ.

ಮಾಡಬೇಕಾದದ್ದು ಸುಲಭ. ನವೆಂಬರ್ ಮೊದಲ ವಾರದಲ್ಲೇ ದಕ್ಷಿಣ ಮತ್ತು ಪಶ್ಚಿಮದ ಅಂಚಿನ ಸಾಲುಗಳ ಕಾಂಡಕ್ಕೆ ಎರಡು ಮೂರು ಒಣ ಸೋಗೆಗಳನ್ನು ನೆಟ್ಟಗೆ ನಿಲ್ಲಿಸಿ ಸಡಿಲವಾಗಿ ಕಟ್ಟಬೇಕು. ಏಣಿ ಇಟ್ಟು ಬಿಸಿಲು ತಾಗುವಷ್ಟು ಎತ್ತರಕ್ಕೂ ಕಟ್ಟಬೇಕು. ತೋಟದ ನಡುವೆ ಮರ ಬಿದ್ದು ಆಕಾಶ ಕಾಣುವ ಜಾಗವಿದ್ದರೆ ಅದರ ಈಶಾನ್ಯಕ್ಕಿರುವ ಮರಗಳನ್ನೂ ನೋಡಿ, ಅವುಗಳ ನೈಋತ್ಯ ಬದಿ ತೆರೆದುಕೊಂಡಿರುತ್ತದೆ. ಸೋಗೆ ಕಟ್ಟಲು ಪುರುಸೊತ್ತಿಲ್ಲದವರು ಗಟ್ಟಿಯಾಗಿ ಕಲಸಿದ ಸುಣ್ಣ ಬಳಿಯಬಹುದು. ಸ್ವಲ್ಪ ಅನ್ನದ ಗಂಜಿ ಸೇರಿಸಿದರೆ ಬೇಗ ಉದುರುವುದಿಲ್ಲ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಕಟ್ಟಿದ ಸೋಗೆಯನ್ನು ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು ಬಿಚ್ಚಲು ಮರೆಯಬೇಡಿ.

ಇದು ವರ್ಷವರ್ಷದ ಉಪಾಯ. ಶಾಶ್ವತ ಉಪಾಯ ಅಂಚಿನಲ್ಲಿ ನೆರಳು ಬೆಳೆಸುವುದು. ನಾನು ಬೇಗ ಏಳಲಿ ಎಂದು ಬಾಳೆ, ಅದರ ಹಿಂದೆ ಹಲಸು ನೆಟ್ಟಿದ್ದೇನೆ. ಹೊಸ ತೋಟ ಮಾಡುವವರು ಉತ್ತರ–ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ಗುಂಡಿ ತೆಗೆದರೆ ಮರಕ್ಕೆ ಮರವೇ ನೆರಳು ಕೊಡುತ್ತದೆ ಎಂಬುದು ಸಿಪಿಸಿಆರ್‌ಐ ಸಲಹೆ. ಸಸಿಗಳಿಗೆ, ಎಳೆ ಕಾಳುಮೆಣಸಿನ ಬಳ್ಳಿಗೆ ಕೂಡ ನೈಋತ್ಯಕ್ಕೆ ಎರಡು ಸೋಗೆ ಕುತ್ತಿ ನೆರಳು ಮಾಡಿ.

ಕೊಯ್ಲಿನ ಜತೆಗೆ ಒಂದು ಕೆಲಸ

ಮೊದಲ ಕೊಯ್ಲಿಗೆ ಮರ ಹತ್ತುವವರು ಸಿಕ್ಕಿದಾಗ ಅವರಿಂದ ಇನ್ನೊಂದು ಕೆಲಸ ಮಾಡಿಸಿಕೊಳ್ಳಿ. ಕೊಳೆ ತಗಲಿ ತಲೆಯಲ್ಲೇ ಒಣಗಿ ನಿಂತ ಗೊನೆಗಳನ್ನು ತೆಗೆಸಿ, ತೋಟದಿಂದ ಹೊರಗೆ ಸಾಗಿಸಿ. ಮುಂದಿನ ಮಳೆಗಾಲಕ್ಕೆ ರೋಗದ ಬೀಜ ಉಳಿಯುವುದು ಅಲ್ಲಿ. ಈಗ ನಮ್ಮಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊಯ್ಯುವವರು ಹೆಚ್ಚಾಗಿದ್ದಾರೆ. ದೋಟಿ ದೊಡ್ಡ ಉಪಕಾರವೇ, ಆದರೆ ಕೆಳಗಿನಿಂದ ಮರದ ತಲೆ ಸರಿಯಾಗಿ ಕಾಣುವುದಿಲ್ಲ. ಹಣ್ಣು ಗೊನೆ ಎಳೆಯುವಾಗಲೇ ಒಣಗೊನೆಯನ್ನೂ ಹುಡುಕಿ ಎಳೆಯುವ ಅಭ್ಯಾಸ ಮಾಡಿಕೊಳ್ಳಬೇಕು.

ಬಾವಿಯ ಲೆಕ್ಕ

ಹೆಚ್ಚಿನವರು ಮಾಡದ ಕೆಲಸ ಇದು. ನೀರು ಇರುವಾಗಲೇ ನೀರಿನ ಲೆಕ್ಕ ಹಾಕಬೇಕು.

10 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರ್. (ಅರ್ಧ ಅಗಲ 5 ಅಡಿ. 3.14 × 5 × 5 = 78.5 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್.) ನಿಮ್ಮ ಬಾವಿಯ ಅಗಲ ಹಾಕಿ ಗುಣಿಸಿಕೊಳ್ಳಿ. ಬಾವಿಯ ಗೋಡೆಗೆ ಅಡಿಗೊಂದರಂತೆ ಪೈಂಟಿನ ಗೆರೆ ಎಳೆಯಿರಿ. ಡಿಸೆಂಬರ್ 1ರಿಂದ ತಿಂಗಳಿಗೆ ಎರಡು ಸಲ, ಸಂಜೆ ಪಂಪು ನಿಲ್ಲಿಸಿದಾಗ ಎಷ್ಟಿತ್ತು, ಬೆಳಗ್ಗೆ ಎಷ್ಟು ಏರಿತು ಎಂದು ಪುಸ್ತಕದಲ್ಲಿ ಬರೆಯಿರಿ.

ನನ್ನ ಬಾವಿ ಏಪ್ರಿಲಿನಲ್ಲಿ ದಿನಕ್ಕೆ ನಾಲ್ಕು ಅಡಿ ಏರುತ್ತದೆ. ಅಂದರೆ 8,800 ಲೀಟರ್. ಮರಕ್ಕೆ ಸಲಕ್ಕೆ 175 ಲೀಟರಿನಂತೆ, ನವೆಂಬರ್–ಡಿಸೆಂಬರಿನಲ್ಲಿ 7–8 ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚಿನಿಂದ ಮೇ ತನಕ 3–5 ದಿನಕ್ಕೊಮ್ಮೆ ಕೊಡಬೇಕು ಎಂಬುದು ಶಿಫಾರಸು. 480 ಮರಕ್ಕೆ ಒಂದು ಸಲಕ್ಕೆ 84,000 ಲೀಟರ್. ನಾಲ್ಕು ದಿನಕ್ಕೊಮ್ಮೆ ಅಂದರೂ ದಿನಕ್ಕೆ 21,000 ಲೀಟರ್ ಬೇಕು. ನನ್ನ ಬಾವಿಗೆ ಅದು ಆಗದ ಮಾತು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 18 ಲೀಟರ್ ಹಿಡಿದರೆ 8,640 ಲೀಟರ್. ಬಾವಿ ಕೊಡುವುದಕ್ಕೂ ಮರಕ್ಕೆ ಬೇಕಾದದ್ದಕ್ಕೂ ಹೊಂದಿಕೆಯಾಯಿತು, ಉಳಿದದ್ದು ಮನೆಬಳಕೆಗೂ ಸಾಲದು. ಈ ಲೆಕ್ಕ 2018ರಲ್ಲೇ ಹಾಕಿದ್ದರೆ ಆ ವರ್ಷ ಹೊಸ ಸಸಿ ನೆಡುತ್ತಲೇ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಹನಿ ಪೈಪು ಎಳೆದೆ. ಇದ್ದವರು ಈಗಲೇ ಪೈಪು ಬಿಚ್ಚಿ ತೊಳೆದು, ಇಲಿ ಕಡಿದ ಜಾಗ ಸರಿಮಾಡಿ, ಫಿಲ್ಟರ್ ಶುಚಿ ಮಾಡಿಕೊಳ್ಳಿ. ಮಾರ್ಚಿನಲ್ಲಿ ಹನಿ ಕಟ್ಟಿದರೆ ಮರಕ್ಕೆ ಬಾಯಿಲ್ಲ, ಹೇಳುವುದಿಲ್ಲ.

ಬಾವಿಗೆ ಒಸರು ಬರಬೇಕಾದರೆ ತೋಡಿನಲ್ಲಿ ನೀರು ನಿಲ್ಲಬೇಕು. ಡಿಸೆಂಬರ್ ಕೊನೆಗೆ ತೋಡಿನ ಹರಿವು ಕಡಿಮೆಯಾದಾಗ ನಾವು ಆರು ಮನೆಯವರು ಸೇರಿ ಕಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆ ಹಾಕಿ ಕಟ್ಟ ಕಟ್ಟುತ್ತೇವೆ. ನಮ್ಮ ಅಜ್ಜಂದಿರ ಕಾಲದ ಕ್ರಮವೇ. ಕಾಸರಗೋಡಿನ ಏತಡ್ಕದಲ್ಲಿ ಒಂದರ ಕೆಳಗೊಂದು ಕಟ್ಟ ಹಾಕಿ ಈ ಕ್ರಮವನ್ನು ಉಳಿಸಿಕೊಂಡಿದ್ದಾರೆ. ಹರಿವು ಜೋರಿರುವಾಗ ಕಟ್ಟಿದರೆ ಕೊಚ್ಚಿಹೋಗುತ್ತದೆ, ಹರಿವು ನಿಂತ ಮೇಲೆ ಕಟ್ಟಿದರೆ ನಿಲ್ಲಿಸಲು ನೀರೇ ಇಲ್ಲ. ಆ ಹದಿನೈದು ದಿನ ತಪ್ಪಬಾರದು.

ಗದ್ದೆಯ ತರಕಾರಿ

"ನಿಮ್ಮ ಅಡಿಕೆಗೆ ಆರು ವರ್ಷ ಕಾಯಬೇಕು, ನನ್ನ ಹರಿವೆಗೆ ಇಪ್ಪತ್ತೈದೇ ದಿನ" ಎನ್ನುವುದು ನನ್ನ ಮನೆಯವಳ ಮಾತು. ಏಣೆಲು ಕೊಯ್ದ ಗದ್ದೆಯಲ್ಲಿ ನವೆಂಬರ್ ನಡುವಿನಿಂದ ಹರಿವೆ, ಅಲಸಂಡೆ, ಬೆಂಡೆ, ಸಾಂಬಾರು ಸೌತೆ ಹಾಕುತ್ತೇವೆ. 2019ರಲ್ಲಿ ಅಂಗಡಿಯ ಕೆಲಸ ಬಿಟ್ಟ ಮೇಲೆ ಮನೆಯ ವಾರದ ಖರ್ಚು ನಡೆದದ್ದು ಈ 20 ಸೆಂಟ್ಸಿನಿಂದ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಸೌತೆ ಎರಡೆಲೆ ಬಿಟ್ಟಾಗ ಕೆಂಪು ಕುಂಬಳದ ದುಂಬಿ ಬರುತ್ತದೆ. ಬೆಳಗ್ಗೆ ಇಬ್ಬನಿ ಆರುವ ಮೊದಲು ಎಲೆಗೆ ಒಲೆಯ ಬೂದಿ ಉದುರಿಸಿದರೆ ಅಂಟಿಕೊಂಡು ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಹಾಕಿದ ಬೂದಿ ಗಾಳಿಗೆ ಹಾರುತ್ತದೆ. ಅಲಸಂಡೆಯ ಸಾಲಿಗೆ ಮಾತ್ರ ಇಬ್ಬನಿ ಇರುವಾಗ ಕೈಹಾಕಬೇಡಿ. ಒದ್ದೆ ಎಲೆ ಮುಟ್ಟುತ್ತಾ ಹೋದರೆ ರೋಗವನ್ನು ನಾವೇ ಗಿಡದಿಂದ ಗಿಡಕ್ಕೆ ಹಂಚಿದ ಹಾಗೆ. ಹಣ್ಣುನೊಣ ಚುಚ್ಚಿ ಉದುರಿದ ಮಿಡಿಗಳನ್ನು ದಿನಾ ಹೆಕ್ಕಿ ಎರಡಡಿ ಆಳಕ್ಕೆ ಹುಗಿಯಬೇಕು. ಗದ್ದೆಯಲ್ಲೇ ಬಿಟ್ಟರೆ ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.

ತರಕಾರಿಗೆ ಬಾವಿ ನೀರು ಕೊಡುವುದಿಲ್ಲ. ಕಟ್ಟದ ನೀರು ಇರುವಷ್ಟು ದಿನ ತರಕಾರಿ. ಮಾರ್ಚ್ ಮೊದಲ ವಾರ ಕೊನೆಯ ಸೌತೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗಿಸಿದರೆ ಮಳೆಗಾಲಕ್ಕೂ ಆಯಿತು, ಬೀಜಕ್ಕೂ ಆಯಿತು.

ಗೇರು ಗುಡ್ಡೆಗೆ ಬೆಂಕಿದಾರಿ

ಜನವರಿ ಮುಗಿಯುವುದರೊಳಗೆ ಗೇರು ಗುಡ್ಡದ ಸುತ್ತ ಹತ್ತಡಿ ಅಗಲ ಮುಳಿಹುಲ್ಲು ಕೆರೆಸಿ ತೆಗೆಯಿರಿ. ಕೆರೆಸಿದ ಹುಲ್ಲನ್ನು ಅಲ್ಲೇ ಸುಡಬೇಡಿ, ಸಸಿಗಳ ಬುಡಕ್ಕೆ ಹಾಕಿ. ಬೀಡಿಯ ಒಂದು ಕಿಡಿಗೆ ಹತ್ತು ವರ್ಷದ ಗೇರು ಹೋಗುತ್ತದೆ.

ಒಟ್ಟು ಎಷ್ಟು ಆಳು?

ಕೆಲಸದವರು ಸಿಗುವುದಿಲ್ಲ, ಇಷ್ಟೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ನನ್ನ ಕಳೆದ ವರ್ಷದ ಲೆಕ್ಕ ಕೊಡುತ್ತೇನೆ. ಕಣಿಗೆ 3 ಆಳು, ಬುಡ ಕೊತ್ತಿ ಮುಚ್ಚಲು 8, ಅಂಚಿನ ಮರಗಳಿಗೆ ಸೋಗೆ ಕಟ್ಟಲು 2, ಕಟ್ಟದಲ್ಲಿ ನಮ್ಮ ಪಾಲು 1, ಬೆಂಕಿದಾರಿಗೆ 2. ಒಟ್ಟು 16 ಆಳು. ಉಳಿದದ್ದು ನಾವಿಬ್ಬರೇ ಬೆಳಗ್ಗೆ ಎರಡು ಗಂಟೆ ಮಾಡಿದ್ದು. ಆಳು ಕಡಿಮೆ ಇದ್ದರೆ ಸೋಗೆ ಕಟ್ಟುವುದನ್ನೂ ಮುಚ್ಚಿಗೆಯನ್ನೂ ಮೊದಲು ಮುಗಿಸಿ. ಅಡಿಕೆ ಸುಲಿಯುವುದು ಹದಿನೈದು ದಿನ ತಡವಾದರೆ ಅಡಿಕೆ ಎಲ್ಲಿಗೂ ಓಡುವುದಿಲ್ಲ. ಮಣ್ಣಿನ ಹಸಿ ಓಡುತ್ತದೆ.

2019ರ ನಂತರ ನೀರಿಲ್ಲದೆ ನನ್ನ ಒಂದು ಸಸಿಯೂ ಸತ್ತಿಲ್ಲ. 2018ರಲ್ಲಿ ಬಿಸಿಲು ತಾಗಿದ ಮರಗಳಲ್ಲಿ ಇನ್ನು 13 ನಿಂತಿವೆ. ಮಳೆಗಾಲದಲ್ಲಿ ಗಾಳಿ ಬೀಸಿದ ರಾತ್ರಿ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ, ಕಿವಿ ಆ ಬದಿಗೇ ಇರುತ್ತದೆ. ಎರಡು ಆಳಿನ ಕೆಲಸ ಉಳಿಸಿದ್ದಕ್ಕೆ ಇದು. ನೀವು ಈ ದೀಪಾವಳಿ ಕಳೆದ ಮರುದಿನ ಮಧ್ಯಾಹ್ನ ಮೂರು ಗಂಟೆಗೆ ತೋಟದ ನೈಋತ್ಯ ಮೂಲೆಗೆ ಹೋಗಿ, ಯಾವ ಯಾವ ಕಾಂಡಕ್ಕೆ ಬಿಸಿಲು ಬೀಳುತ್ತದೆ ಎಂದು ನೋಡಿಕೊಂಡು ಬನ್ನಿ. ಅಲ್ಲಿಂದ ಕೆಲಸ ಶುರು ಮಾಡಿದರಾಯಿತು. ಬೇರೆ ಕ್ರಮದಲ್ಲಿ ಮಾಡಿ ಪ್ರಯೋಜನ ಕಂಡವರು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ನಮಗೆಲ್ಲ ಉಪಕಾರ.